ಡೂಗನ್ ಕೇಸ್: ಕೈ ಹಾಕುವುದು ಅಂದರೆ ಎಲ್ಲಿಯವರೆಗೆ?

ಮನಸ್ಸಾಕ್ಷಿ ಒಪ್ಪದ ನರ್ಸ್ ಗರ್ಭಪಾತದ ಕೆಲಸದಿಂದ ಎಲ್ಲಿಯವರೆಗೆ ದೂರ ಉಳಿಯಬಹುದು? ನರ್ಸಿಂಗ್ ಎಥಿಕ್ಸ್ ಪೇಪರ್‌ನಲ್ಲಿ ಈ ಪ್ರಶ್ನೆ ಬಂದರೆ ತುಂಬಾ ಜನ ಒಂದೇ ಸಾಲು ಬರೆದು ಮುಗಿಸುತ್ತಾರೆ: 'ಮನಸ್ಸಾಕ್ಷಿ ಒಪ್ಪದಿದ್ದರೆ ಗರ್ಭಪಾತದ ಕೆಲಸ ಮಾಡಬೇಕಾಗಿಲ್ಲ.' ಬ್ರಿಟನ್ನಿನ ಕಾನೂನಿನ ಮಟ್ಟಿಗೆ ಇದು ಅರ್ಧ ಸರಿ. ಮಾರ್ಕ್ಸ್ ಇರುವುದು ಉಳಿದ ಅರ್ಧದಲ್ಲಿ.

ಮೊದಲು ಕಾನೂನು ನೋಡೋಣ. 1967ರ ಅಬಾರ್ಷನ್ ಆಕ್ಟ್, ಸೆಕ್ಷನ್ 4. ಮನಸ್ಸಾಕ್ಷಿಯ ಆಕ್ಷೇಪ ಇರುವ ಯಾರೂ ಈ ಕಾಯ್ದೆಯಡಿ ನಡೆಯುವ ಚಿಕಿತ್ಸೆಯಲ್ಲಿ 'ಭಾಗವಹಿಸಲೇಬೇಕು' ಎಂದಿಲ್ಲ. ಆದರೆ ಆಕ್ಷೇಪ ನಿಜ ಅಂತ ತೋರಿಸುವ ಹೊಣೆ ಹೇಳಿದವರದ್ದೇ. ಸ್ಕಾಟ್ಲೆಂಡಿನಲ್ಲಾದರೆ ಪ್ರಮಾಣ ಮಾಡಿ ಹೇಳಿದರೆ ಸಾಕು. ಇನ್ನು, ಗರ್ಭಿಣಿಯ ಜೀವ ಉಳಿಸುವುದಕ್ಕೆ, ಅಥವಾ ಅವಳ ದೇಹಕ್ಕೋ ಮನಸ್ಸಿಗೋ ಸರಿಪಡಿಸಲಾಗದ ಗಂಭೀರ ಹಾನಿ ತಪ್ಪಿಸುವುದಕ್ಕೆ ಚಿಕಿತ್ಸೆ ಬೇಕಾದಾಗ ಈ ರಕ್ಷಣೆ ಸಿಗುವುದಿಲ್ಲ.

ಜಗಳ ಹುಟ್ಟಿದ್ದೆಲ್ಲ 'ಭಾಗವಹಿಸುವುದು' ಎಂಬ ಒಂದೇ ಪದದ ಮೇಲೆ.

1988ರಲ್ಲಿ ಜಾನವೇ ಕೇಸ್ ಹೌಸ್ ಆಫ್ ಲಾರ್ಡ್ಸ್‌ವರೆಗೆ, ಅಂದರೆ ಆಗಿನ ಬ್ರಿಟನ್ನಿನ ಅತ್ಯುನ್ನತ ಕೋರ್ಟಿನವರೆಗೆ ಹೋಯಿತು. ಸ್ಯಾಲ್ಫರ್ಡ್‌ನ ಒಂದು ಹೆಲ್ತ್ ಸೆಂಟರಿನ ಕಚೇರಿ ಸಿಬ್ಬಂದಿಯೊಬ್ಬರು ಗರ್ಭಪಾತಕ್ಕೆ ರೋಗಿಯನ್ನು ಕಳಿಸುವ ಪತ್ರ ಟೈಪ್ ಮಾಡಲು ಒಪ್ಪಲಿಲ್ಲ. ಕೆಲಸ ಹೋಯಿತು. ಟೈಪ್ ಮಾಡಿದರೆ ಚಿಕಿತ್ಸೆಯಲ್ಲಿ ಭಾಗವಹಿಸಿದ ಹಾಗಲ್ಲ ಅಂತ ತೀರ್ಪು ಬಂತು.

ಆಮೇಲೆ ಗ್ಲಾಸ್ಗೋದ ಡೂಗನ್ ಕೇಸ್. ಇದು ಜಾಸ್ತಿ ಕಗ್ಗಂಟು. ಇಬ್ಬರು ಕ್ಯಾಥೊಲಿಕ್ ಮಿಡ್‌ವೈಫ್‌ಗಳು (ಹೆರಿಗೆ ಮಾಡಿಸುವವರು), ಇಬ್ಬರೂ ಹೆರಿಗೆ ವಾರ್ಡಿನ ಕೋಆರ್ಡಿನೇಟರ್‌ಗಳು. 'ನಾವಾಗಿ ಗರ್ಭಪಾತ ಮಾಡಿಸುವುದಿಲ್ಲ, ಸರಿ. ಮಾಡುವ ಸಿಬ್ಬಂದಿಯ ಉಸ್ತುವಾರಿಯೂ ನಮಗೆ ಬೇಡ' ಎಂಬುದು ಅವರ ಮಾತು. 2012ರಲ್ಲಿ ಸೋತರು, 2013ರಲ್ಲಿ ಮೇಲ್ಮನವಿಯಲ್ಲಿ ಗೆದ್ದರು, 2014ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಸೋತರು. ತೀರ್ಪು ಬರೆದವರು ನ್ಯಾಯಮೂರ್ತಿ ಲೇಡಿ ಹೇಲ್. ಭಾಗವಹಿಸುವುದು ಅಂದರೆ ಸ್ವತಃ ಕೈಯಾರೆ ಮಾಡುವುದು ಅಂತ ಅವರು ಅರ್ಥ ಕೊಟ್ಟರು. ನಮ್ಮಲ್ಲಿ 'ಆ ಕೆಲಸಕ್ಕೆ ನಾನು ಕೈ ಹಾಕಲ್ಲ' ಅಂತೀವಲ್ಲ, ಹೆಚ್ಚು ಕಡಿಮೆ ಅದೇ.

ಅವರು ಕೋಆರ್ಡಿನೇಟರ್ ಮಾಡುವ 13 ಕೆಲಸಗಳನ್ನು ಒಂದೊಂದಾಗಿ ನೋಡಿದರು. ಬ್ರೇಕ್ ವಿಚಾರವನ್ನೇ ತಗೊಳ್ಳಿ. ಗರ್ಭಪಾತದ ರೋಗಿಯ ಹತ್ತಿರ ಇರುವ ಮಿಡ್‌ವೈಫ್ ಊಟಕ್ಕೆ ಹೋಗಬೇಕು. ಬದಲಿಗೆ ಇನ್ನೊಬ್ಬರನ್ನು ಹಾಕುವುದು ಬರೀ ಆಡಳಿತ, ಬೇಡ ಅನ್ನುವಂತಿಲ್ಲ. ತಾನೇ ಹೋಗಿ ಆ ಜಾಗದಲ್ಲಿ ನಿಂತರೆ ಮಾತ್ರ ರಕ್ಷಣೆಯ ಮಾತು ಬರುತ್ತದೆ. ಹೆರಿಗೆ ನೋವು ಬರಿಸುವ ಔಷಧಿ ಕೊಡುವುದರಿಂದ ಹಿಡಿದು ಮಾಸು ಬೀಳುವವರೆಗಿನದ್ದು ಈ ಸೆಕ್ಷನ್ ಹೇಳುವ 'ಚಿಕಿತ್ಸೆ'. ಆಮೇಲೆ ಯಾವ ಬಾಣಂತಿಗಾದರೂ ಮಾಡುವ ಸಾಮಾನ್ಯ ಆರೈಕೆ ಅದರಲ್ಲಿ ಸೇರುವುದಿಲ್ಲ.

ಗೆರೆ ಸ್ಪಷ್ಟವಾಗಿದೆ, ವಾರ್ಡ್ ನಡೆಸುವವರಿಗೆ ಅನುಕೂಲವೂ ಹೌದು. ಆದರೂ ಉಸ್ತುವಾರಿ ಮಾಡುವವರ ಮನಸ್ಸಿನಲ್ಲಿ ಗೆರೆ ಅಷ್ಟು ಸಲೀಸಾಗಿ ಬೀಳುತ್ತದಾ? ನನಗೆ ಅನುಮಾನ.

ಇನ್ನೊಂದು ಅಂಶ ಬಿಡಬೇಡಿ: ಆಕ್ಷೇಪ ಇರುವವರು ಸುಮ್ನೆ 'ಆಗಲ್ಲ' ಅಂತ ಕೈಬಿಡುವಂತಿಲ್ಲ, ಆಕ್ಷೇಪ ಇಲ್ಲದವರ ಹತ್ತಿರ ಕಳಿಸಿಕೊಡಬೇಕು ಎಂಬುದನ್ನೂ ಲೇಡಿ ಹೇಲ್ ಹೇಳಿದ್ದಾರೆ.

ಹಾಂ, ಭಾರತದ ಗರ್ಭಪಾತ ಕಾನೂನು, ಅಂದರೆ ನಮ್ಮ 1971ರ ಎಂಟಿಪಿ ಕಾಯ್ದೆಯಲ್ಲಿ ಇಂಥ ಸೆಕ್ಷನ್ ಹುಡುಕಬೇಡಿ, ಇಲ್ಲ. ಎರಡೂ ದೇಶದ ಕಾನೂನು ಬೆರೆಸಿ ಬರೆದು ನಾನೊಮ್ಮೆ ಇಡೀ ಪುಟಕ್ಕೆ ಕೆಂಪು ಗೆರೆ ಹಾಕಿಸಿಕೊಂಡಿದ್ದೇನೆ.