ಗರ್ಭಚೀಲ ತೆಗೆಸುವ ಮಾತು: ಗಡಿಯ ಹಳ್ಳಿಗಳಲ್ಲಿ ಒಂದು ಶಸ್ತ್ರಚಿಕಿತ್ಸೆಯ ಹಿನ್ನೆಲೆ

ಮಹಾರಾಷ್ಟ್ರದ ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತ ತಾಲ್ಲೂಕುಗಳ ಕನ್ನಡ ಹಳ್ಳಿಗಳಲ್ಲಿ ಮೂವತ್ತೈದರ ಹೆಂಗಸೊಬ್ಬಳು ‘ನನ್ನದು ಪಿಶವಿ (ಗರ್ಭಚೀಲ) ತೆಗೆಸಿ ಆಗಿದೆ’ ಎಂದರೆ ಕೇಳಿದವರು ಅಚ್ಚರಿಪಡುವುದಿಲ್ಲ. ಮಕ್ಕಳಾದವು, ಮಕ್ಕಳಾಗದಂತೆ ಆಪರೇಷನ್ನೂ ಆಯಿತು, ಇನ್ನು ಆ ಚೀಲ ಇದ್ದು ಏನು ಮಾಡಬೇಕು ಎಂಬ ಮಾತು ಅತ್ತೆಯ ಬಾಯಲ್ಲೂ ಇದೆ, ಕೆಲವು ವೈದ್ಯರ ಬಾಯಲ್ಲೂ ಇದೆ. ಬೇರೆ ದಾರಿಯೇ ಇಲ್ಲದಾಗ ಮಾಡುತ್ತಿದ್ದ ಶಸ್ತ್ರಚಿಕಿತ್ಸೆ ಮೊದಲ ಸಲಹೆಯಾಗಿದ್ದು ಹೇಗೆ?

ಜರ್ಮನಿಯ ಶಸ್ತ್ರವೈದ್ಯ ಲಾಂಗೆನ್‌ಬೆಕ್ 1813ರಲ್ಲಿ ಯೋನಿಮಾರ್ಗದಿಂದ ಗರ್ಭಕೋಶ ತೆಗೆದರು. ಹೊಟ್ಟೆ ಕೊಯ್ದು ತೆಗೆಯುವ ಸಾಹಸವನ್ನು 1843ರಲ್ಲಿ ಮ್ಯಾಂಚೆಸ್ಟರಿನ ಚಾರ್ಲ್ಸ್ ಕ್ಲೇ ಮಾಡಿದರು, ರೋಗಿ ಉಳಿಯಲಿಲ್ಲ. ಹತ್ತು ವರ್ಷಗಳ ನಂತರ ಅಮೆರಿಕದ ಬರ್ನ್‌ಹ್ಯಾಮ್ ಮಾಡಿದ ಇಂಥದೇ ಶಸ್ತ್ರಚಿಕಿತ್ಸೆಯಲ್ಲಿ ರೋಗಿ ಬದುಕಿದಳು. ಅರಿವಳಿಕೆ, ನಂಜು ತಡೆಯುವ ಕ್ರಮ, ರಕ್ತ ಕೊಡುವ ವ್ಯವಸ್ಥೆ, ಆ್ಯಂಟಿಬಯೋಟಿಕ್ ಒಂದೊಂದಾಗಿ ಬಂದ ಮೇಲಷ್ಟೇ ಇದು ಧೈರ್ಯವಾಗಿ ಮಾಡಿಸಿಕೊಳ್ಳುವಂಥದ್ದಾಯಿತು. 1980ರ ದಶಕದ ಕೊನೆಗೆ ಅಮೆರಿಕದ ಹ್ಯಾರಿ ರೈಕ್ ಇದನ್ನು ಲ್ಯಾಪರೋಸ್ಕೋಪ್, ಅಂದರೆ ಸಣ್ಣ ರಂಧ್ರದಿಂದ ಹೊಟ್ಟೆಯೊಳಗೆ ನೋಡುವ ಕೊಳವೆಯ, ಮೂಲಕ ಮಾಡಿ ತೋರಿಸಿದರು. ನಮ್ಮ ಕಡೆ ದುರ್ಬೀನ್ ಆಪರೇಷನ್ ಎನ್ನುವುದು ಇದನ್ನೇ. ಅಪಾಯ ಕಡಿಮೆಯಾಯಿತು, ಒಳ್ಳೆಯದೇ. ಆದರೆ ಅಪಾಯ ಕಡಿಮೆಯಾದಷ್ಟೂ ‘ತೆಗೆದುಬಿಡೋಣ’ ಎನ್ನುವ ನಾಲಿಗೆ ಸಡಿಲವಾಯಿತು.

ಆ ಸಡಿಲಿಕೆಯ ಬೆಲೆಯನ್ನು ದೇಶ ಬೀಡ್ ಜಿಲ್ಲೆಯಲ್ಲಿ ಕಂಡಿತು. ಕಬ್ಬು ಕಡಿಯಲು ಗಂಡಹೆಂಡತಿ ಜೋಡಿಯಾಗಿ ಹೋಗುತ್ತಾರೆ, ಮುಕಾದಮನಿಂದ, ಅಂದರೆ ಕೂಲಿಯಾಳುಗಳ ಗುತ್ತಿಗೆದಾರನಿಂದ, ಮುಂಗಡ ಪಡೆದಿರುತ್ತಾರೆ, ಒಂದು ದಿನ ತಪ್ಪಿದರೆ ದಂಡ. ಗದ್ದೆಯ ಬದಿಯ ಗುಡಿಸಲಿನಲ್ಲಿ ಶೌಚಾಲಯವಿಲ್ಲ, ಬಟ್ಟೆ ಒಗೆಯಲು ನೀರಿಲ್ಲ. ಮುಟ್ಟಿನ ನಾಲ್ಕು ದಿನ ಅಲ್ಲಿ ಕೂಲಿಯ ನಷ್ಟವಾಗಿಯೇ ಲೆಕ್ಕಕ್ಕೆ ಬರುತ್ತದೆ. ಅದನ್ನು ತಪ್ಪಿಸಲು ಹೆಂಗಸರು ಗರ್ಭಕೋಶವನ್ನೇ ತೆಗೆಸಿಕೊಳ್ಳುತ್ತಿದ್ದಾರೆ ಎಂಬ ಸುದ್ದಿ 2019ರಲ್ಲಿ ಹೊರಬಿದ್ದಾಗ ಮಹಾರಾಷ್ಟ್ರ ಸರ್ಕಾರ ವಿಧಾನ ಪರಿಷತ್ ಸದಸ್ಯೆ ನೀಲಂ ಗೋರ್ಹೆ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ಸಮೀಕ್ಷೆಗೆ ಒಳಗಾದ 82,309 ಮಹಿಳಾ ಕಾರ್ಮಿಕರಲ್ಲಿ 13,861 ಮಂದಿಗೆ ಗರ್ಭಕೋಶವಿರಲಿಲ್ಲ. ಅಂದರೆ ಆರರಲ್ಲಿ ಒಬ್ಬಳಿಗೆ. ಜತ್ತದ ಬರದ ಊರುಗಳಿಂದಲೂ ಪ್ರತಿ ಹಂಗಾಮಿಗೆ ಕಬ್ಬಿನ ಗ್ಯಾಂಗುಗಳು ಹೊರಡುತ್ತವೆ. ಬೀಡ್ ನಮಗೆ ದೂರದ ಕಥೆಯಲ್ಲ. ಅಕ್ಕಲಕೋಟೆಗೆ ತಾಗಿಕೊಂಡಿರುವ ಕಲಬುರಗಿ ಜಿಲ್ಲೆಯಲ್ಲೂ ಲಂಬಾಣಿ, ದಲಿತ ಮಹಿಳೆಯರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣಗಳು ಕೆಲವು ವರ್ಷ ಮೊದಲೇ ಬಯಲಾಗಿದ್ದವು.

2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಗರ್ಭಕೋಶ ತೆಗೆಸಿಕೊಂಡವರು ದೇಶದಲ್ಲಿ ಶೇ. 3ಕ್ಕಿಂತ ತುಸು ಹೆಚ್ಚು, ಆಂಧ್ರಪ್ರದೇಶದಲ್ಲಿ ಸುಮಾರು ಶೇ. 9. ಅರ್ಧದಷ್ಟು ಮಂದಿ 34ರ ಆಸುಪಾಸಿಗೇ ತೆಗೆಸಿಕೊಂಡಿದ್ದರು. ಮೂರರಲ್ಲಿ ಎರಡು ಪಾಲು ಖಾಸಗಿ ಆಸ್ಪತ್ರೆಗಳಲ್ಲಿ ನಡೆದಿತ್ತು.

ಈ ಅಂಕಿಗಳ ಹಿಂದೆ ಹೆಚ್ಚಾಗಿ ಒಂದು ಸೋನೋಗ್ರಾಫಿ ವರದಿ ಇರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಆ ಹಾಳೆಯ ಕೊನೆಯ ಸಾಲು ನೋಡಿ: ‘ಬಲ್ಕಿ ಯೂಟರಸ್, ನಬೋಥಿಯನ್ ಸಿಸ್ಟ್.’ ಚೀಲಕ್ಕೆ ಬಾವು ಬಂದಿದೆ, ಗಂಟಾಗಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದು ಅದನ್ನು ಓದಿ ಹೇಳಿದರೆ ಯಾವ ತಾಯಿ ತಾನೇ ನಡುಗುವುದಿಲ್ಲ? ಮೂರು ನಾಲ್ಕು ಹೆತ್ತವಳ ಗರ್ಭಕೋಶ ಸ್ವಲ್ಪ ದಪ್ಪವಿರುವುದು ಸಹಜ. ನಬೋಥಿಯನ್ ಸಿಸ್ಟ್ ಎಂದರೆ ಗರ್ಭಕೋಶದ ಬಾಯಿಯಲ್ಲಿ ಲೋಳೆ ಕಟ್ಟಿಕೊಂಡ ಸಣ್ಣ ಗುಳ್ಳೆ. ಅದು ಕ್ಯಾನ್ಸರ್ ಅಲ್ಲ, ಸಾಮಾನ್ಯವಾಗಿ ಚಿಕಿತ್ಸೆಯೂ ಬೇಡ. ಬಿಳಿ ಹೋಗುವುದಕ್ಕೆ ಬಹಳಷ್ಟು ಸಲ ಸೋಂಕು ಕಾರಣ, ಅದು ಮಾತ್ರೆಗೆ ಗುಣವಾಗುತ್ತದೆ. ಗರ್ಭಕೋಶದ ಗಡ್ಡೆಗಳು, ಅಂದರೆ ಫೈಬ್ರಾಯ್ಡ್‌ಗಳು, ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಇದೆಲ್ಲ ಗೊತ್ತಿದ್ದೂ ಬಡ ಹೆಂಗಸಿನ ಮುಂದೆ ಕ್ಯಾನ್ಸರ್ ಹೆಸರು ಎತ್ತಿ ಹೆದರಿಸುವುದು ವೈದ್ಯಕೀಯವಲ್ಲ, ಅನ್ಯಾಯ.

ಅತಿಯಾದ ರಕ್ತಸ್ರಾವವೇ ತೊಂದರೆಯಾದರೆ ಮೊದಲು ಕಾರಣ ಹುಡುಕಬೇಕು: ಹಿಮೋಗ್ಲೋಬಿನ್, ಥೈರಾಯ್ಡ್, ಸೋನೋಗ್ರಾಫಿ; ವಯಸ್ಸು ನಲವತ್ತೈದರ ಆಸುಪಾಸಾಗಿದ್ದರೆ ಗರ್ಭಕೋಶದ ಒಳಪದರದ ತುಣುಕಿನ ಪರೀಕ್ಷೆ. ಮುಟ್ಟಿನ ದಿನಗಳಲ್ಲಿ ಮಾತ್ರ ನುಂಗುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆ ಸ್ರಾವವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಬಲ್ಲದು. 1962ರಲ್ಲಿ ಇದನ್ನು ಜಗತ್ತಿಗೆ ಕೊಟ್ಟವರು ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ. ಹೆರಿಗೆಯ ರಕ್ತಸ್ರಾವದಿಂದ ಹೆಂಗಸರು ಸಾಯಬಾರದು ಎಂಬ ಹಂಬಲ ಆ ವೈದ್ಯೆಯದು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಆರ್ಮೆಲಾಕ್ಸಿಫೀನ್ ಮಾತ್ರೆಯನ್ನೂ ಅತಿಸ್ರಾವಕ್ಕೆ ಕೊಡುತ್ತಾರೆ. ‘ಛಾಯಾ’ ಎಂಬ ಹೆಸರಿನಲ್ಲಿ ಇದೇ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭನಿರೋಧಕವಾಗಿ ಉಚಿತವಾಗಿ ಸಿಗುತ್ತದೆ. ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಇರುವ ವಂಕಿಯನ್ನು ಒಮ್ಮೆ ಹಾಕಿಸಿದರೆ ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಟ್ಟು ತೀರಾ ಕಡಿಮೆಯಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ಗಡ್ಡೆಯನ್ನಷ್ಟೇ ತೆಗೆದು ಗರ್ಭಕೋಶ ಉಳಿಸಬಹುದು, ಒಳಪದರವನ್ನು ಮಾತ್ರ ಸುಡಬಹುದು. ಗರ್ಭಕೋಶ ಜಾರಿದ್ದರೆ ಒಳಗಿಡುವ ರಿಂಗ್ ಇದೆ.

ಹಾಗೆಂದು ಈ ಶಸ್ತ್ರಚಿಕಿತ್ಸೆಯನ್ನೇ ಶತ್ರು ಎನ್ನಲಾಗದು. ಗರ್ಭಕೋಶದ ಕ್ಯಾನ್ಸರಿನಲ್ಲಿ, ಹೆರಿಗೆಯ ನಂತರ ಯಾವುದಕ್ಕೂ ನಿಲ್ಲದ ರಕ್ತಸ್ರಾವದಲ್ಲಿ ಅದು ಪ್ರಾಣ ಉಳಿಸುತ್ತದೆ. ದೊಡ್ಡ ಗಡ್ಡೆಗಳಿಂದ, ಅಡಿನೋಮಯೋಸಿಸ್ (ಒಳಪದರ ಗರ್ಭಕೋಶದ ಸ್ನಾಯುವಿನೊಳಗೆ ಬೆಳೆಯುವುದು) ನೋವಿನಿಂದ ವರ್ಷಗಟ್ಟಲೆ ನರಳಿ, ಔಷಧಿಗಳೆಲ್ಲ ಸೋತ ಮೇಲೆ ಮಾಡಿಸಿಕೊಂಡು ‘ಮರುಜನ್ಮ ಬಂತು’ ಎನ್ನುವವರಿದ್ದಾರೆ. ಅವರ ಮಾತೂ ಅಷ್ಟೇ ನಿಜ. ಯೋನಿಮಾರ್ಗದಿಂದಲೋ ದುರ್ಬೀನಿನಿಂದಲೋ ಮಾಡಿದರೆ ಚೇತರಿಕೆ ಬೇಗ, ಹೊಟ್ಟೆ ಕೊಯ್ದರೆ ತಡ. ಯಾವ ದಾರಿಯಾದರೂ ಸುಮಾರು ಆರು ವಾರ ಭಾರ ಎತ್ತಬಾರದು. ತಲೆಯ ಮೇಲೆ ಕಬ್ಬಿನ ಹೊರೆ ಹೊತ್ತು ಟ್ರಾಲಿ ಏರುವವಳಿಗೆ ಆ ಆರು ವಾರದ ಕೂಲಿಯನ್ನು ಯಾರು ಕೊಡುತ್ತಾರೆ ಎಂಬುದೂ ಆಪರೇಷನ್ನಿನ ಖರ್ಚಿನಲ್ಲೇ ಸೇರಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಕೇಳಬೇಕಾದದ್ದು ಅಂಡಾಶಯದ ಬಗ್ಗೆ. ಗರ್ಭಕೋಶ ಹೋದರೆ ಮುಟ್ಟು ನಿಲ್ಲುತ್ತದೆ. ಎರಡೂ ಅಂಡಾಶಯಗಳು ಹೋದರೆ ಮೂವತ್ತೈದರಲ್ಲೇ ಮುಪ್ಪಿನ ಬದಲಾವಣೆಗಳು ಒಮ್ಮೆಲೇ ಎರಗುತ್ತವೆ: ಮೈ ಬಿಸಿಯೇರಿ ಬೆವರುವುದು, ನಿದ್ದೆಗೇಡು, ಮೂಳೆ ಸವೆತ, ಮುಂದೆ ಹೃದ್ರೋಗದ ಹೆಚ್ಚಿದ ಅಪಾಯ. ‘ಹೇಗೂ ಹೊಟ್ಟೆ ತೆರೆದಿದೆ, ಅವನ್ನೂ ತೆಗೆದೆವು’ ಎಂಬುದು ಕಾರಣವೇ ಅಲ್ಲ. ಆಪರೇಷನ್ನಿನ ನಂತರ ಸೊಂಟ ನೋವು ಎಂದು ವರ್ಷಾನುಗಟ್ಟಲೆ ನರಳುವ ಅನೇಕರಿಗೆ ತಮ್ಮ ಅಂಡಾಶಯ ಉಳಿದಿದೆಯೋ ಇಲ್ಲವೋ ಎಂಬುದೇ ಗೊತ್ತಿಲ್ಲ.

ನರೇಂದ್ರ ಗುಪ್ತಾ ಎಂಬ ವೈದ್ಯರು ರಾಜಸ್ಥಾನ, ಬಿಹಾರ, ಛತ್ತೀಸಗಢದ ಪ್ರಕರಣಗಳನ್ನು ಹಿಡಿದು 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಎಂದು 2023ರ ಏಪ್ರಿಲ್‌ನಲ್ಲಿ ಕೋರ್ಟು ಎಲ್ಲ ರಾಜ್ಯಗಳಿಗೂ ಹೇಳಿತು. ಜಿಲ್ಲಾ ಮಟ್ಟದವರೆಗೂ ಉಸ್ತುವಾರಿ ಸಮಿತಿ ಇರಬೇಕು, ನಲವತ್ತು ದಾಟದವರ ಶಸ್ತ್ರಚಿಕಿತ್ಸೆಗಳ ಮೇಲೆ ವಿಶೇಷ ನಿಗಾ ಇರಬೇಕು ಎಂಬುದು ಅದರ ಆಶಯ.

ಗಡಿಯ ನಮ್ಮ ಹೆಂಗಸರಿಗೆ ಇನ್ನೊಂದು ತೊಡಕಿದೆ. ಕನ್ನಡ ಶಾಲೆಯಲ್ಲಿ ಓದಿದವಳ ಕೈಗೆ ಆಸ್ಪತ್ರೆಯ ಒಪ್ಪಿಗೆ ಪತ್ರ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಸಹಿ ಮಾಡುವ ಮೊದಲು ಅದನ್ನು ಕನ್ನಡದಲ್ಲಿ ಹೇಳಿಸಿಕೊಳ್ಳುವುದು ಅವಳ ಹಕ್ಕು. ರೋಗದ ಹೆಸರೇನು, ಬೇರೆ ಯಾವ ಚಿಕಿತ್ಸೆ ಮಾಡಿ ನೋಡಿದ್ದೀರಿ, ಅಂಡಾಶಯ ಬಿಡುತ್ತೀರಾ ಎಂಬ ಮೂರಕ್ಕೂ ಉತ್ತರವನ್ನು ಬರೆಸಿಕೊಳ್ಳಬೇಕು. ತುರ್ತಿಲ್ಲದಿದ್ದರೆ ಆ ಕಾಗದ ಹಿಡಿದು ಸೋಲಾಪುರದ ಸಿವಿಲ್ ಆಸ್ಪತ್ರೆಯಲ್ಲಿ ಇನ್ನೊಬ್ಬ ವೈದ್ಯರಿಗೆ ತೋರಿಸಬಹುದು. ಒಂದು ವಾರ ತಡವಾದರೆ ಏನೂ ಕೆಡುವುದಿಲ್ಲ. ಆಪರೇಷನ್ ಆಗಿಯೇ ಹೋಗಿದ್ದರೆ, ತೆಗೆದ ಗರ್ಭಕೋಶದ ಪ್ರಯೋಗಾಲಯ ವರದಿಯನ್ನು ಕೇಳಿ ಪಡೆಯಬೇಕು. ಯಾವ ಅಂಗ ತೆಗೆದರು, ಅದರಲ್ಲಿ ನಿಜಕ್ಕೂ ಏನಿತ್ತು ಎಂಬುದು ಆ ವರದಿಯಲ್ಲಿರುತ್ತದೆ.