ಟಾರ್ಪನ್ ಸ್ಪ್ರಿಂಗ್ಸ್‌ನ ಗ್ರೀಕರು: ಮುಳುಗುವ ಕಸುಬು, ನೀರಿನ ಹಬ್ಬ

ಅಮೆರಿಕದ ಫ್ಲಾರಿಡಾ ರಾಜ್ಯದ ಪಶ್ಚಿಮ ಕರಾವಳಿಯಲ್ಲಿ, ಆಂಕ್ಲೋಟ್ ನದಿಯು ಮೆಕ್ಸಿಕೊ ಕೊಲ್ಲಿಯನ್ನು ಸೇರುವಲ್ಲಿ, ಟಾರ್ಪನ್ ಸ್ಪ್ರಿಂಗ್ಸ್ ಎಂಬ ಚಿಕ್ಕ ಊರಿದೆ. ಜನಸಂಖ್ಯೆಯಲ್ಲಿ ಗ್ರೀಕ್ ಮೂಲದವರ ಪಾಲು ಅಮೆರಿಕದ ಬೇರಾವ ಪಟ್ಟಣಕ್ಕಿಂತಲೂ ಇಲ್ಲಿ ಹೆಚ್ಚು. ವಲಸೆಯ ಚರಿತ್ರೆಯನ್ನು ಓದುವಾಗ ನಾವು ಕಸುಬನ್ನು ಒಂದು ಅಧ್ಯಾಯದಲ್ಲಿ, ಧರ್ಮವನ್ನು ಇನ್ನೊಂದರಲ್ಲಿ ಇಟ್ಟು ಓದುವುದು ರೂಢಿ. ಈ ಊರಿನ ಮಟ್ಟಿಗೆ ಹಾಗೆ ಬೇರ್ಪಡಿಸಿದರೆ ಎರಡೂ ಕೈಗೆ ಸಿಗುವುದಿಲ್ಲ ಎಂದು ನನಗೆ ತೋರುತ್ತದೆ.

ಕೊಲ್ಲಿಯ ತಳದಲ್ಲಿ ಬೆಳೆಯುವ, ನೀರು ಹೀರುವ ಮೆತ್ತನೆಯ ಕಡಲಜೀವಿಯಾದ ಸ್ಪಂಜಿನ ವ್ಯಾಪಾರವನ್ನು ಇಲ್ಲಿ 1890ರ ದಶಕದಲ್ಲಿ ಆರಂಭಿಸಿದವನು ಜಾನ್ ಚೇನಿ. ಆಗಿನ ಕೆಲಸಗಾರರು ದೋಣಿಯಲ್ಲಿ ಕುಳಿತು, ಗಾಜಿನ ತಳದ ಬಕೆಟ್ಟನ್ನು ನೀರಿಗೊತ್ತಿ ಒಳಗೆ ನೋಡುತ್ತ, ಉದ್ದನೆಯ ಕೋಲಿನ ತುದಿಯ ಕೊಕ್ಕೆಯಿಂದ ಸ್ಪಂಜನ್ನು ಕೀಳುತ್ತಿದ್ದರು. ಕೋಲು ಮುಟ್ಟದ ಆಳ ಅವರ ಪಾಲಿಗೆ ಇರಲೇ ಇಲ್ಲ. ಚೇನಿಯ ಜೊತೆಗಿದ್ದ ಗ್ರೀಕ್ ವ್ಯಾಪಾರಿ ಜಾನ್ ಕೊಕೋರಿಸ್ 1905ರಲ್ಲಿ ಮುಳುಗುವ ಉಡುಪನ್ನೂ ಅದನ್ನು ಬಳಸಬಲ್ಲ ಮುಳುಗುಗಾರರನ್ನೂ ಕರೆತಂದ ಮೇಲೆ ಊರಿನ ಸ್ವರೂಪವೇ ಬದಲಾಯಿತು. ಲೋಹದ ಶಿರಸ್ತ್ರಾಣ, ಸೀಸದ ಭಾರ ಕಟ್ಟಿದ ಬೂಟುಗಳು, ದೋಣಿಯ ಮೇಲಿನ ಪಂಪಿನಿಂದ ಗಾಳಿ ತರುವ ಒಂದು ಕೊಳವೆ: ಇಷ್ಟನ್ನು ನೆಚ್ಚಿಕೊಂಡು ಅವರು ತಳದ ಮೇಲೆ ನಡೆದಾಡಿ ಸ್ಪಂಜು ಕೊಯ್ಯುತ್ತಿದ್ದರು.

ಬಂದವರಲ್ಲಿ ಬಹುಪಾಲು ಜನ ಏಜಿಯನ್ ಸಮುದ್ರದ ಡೊಡೆಕನೀಸ್ ದ್ವೀಪಗಳವರು. ಕಾಲಿಮ್ನೋಸ್, ಸಿಮಿ, ಹಾಲ್ಕಿ ಎಂಬ ಹೆಸರುಗಳನ್ನು ನೆನಪಿಡಬೇಕು. ಬೇಸಾಯಕ್ಕೆ ಒದಗದ ಕಲ್ಲುನೆಲದ ಈ ದ್ವೀಪಗಳಲ್ಲಿ ಸ್ಪಂಜು ತೆಗೆಯುವುದು ತಲೆಮಾರುಗಳಿಂದ ಬಂದ ಜೀವನೋಪಾಯವಾಗಿತ್ತು. ನಮ್ಮಲ್ಲಿ ಹಲವರು ತಪ್ಪು ತಿಳಿಯುವ ಒಂದು ಸಂಗತಿ ಇಲ್ಲಿದೆ. ಇವರು ವಲಸೆ ಬಂದಾಗ ಆ ದ್ವೀಪಗಳು ಗ್ರೀಸ್ ದೇಶಕ್ಕೆ ಸೇರಿರಲಿಲ್ಲ. 1912ರವರೆಗೆ ಒಟ್ಟೊಮನ್ನರ, ಅನಂತರ ಇಟಲಿಯ ಆಳ್ವಿಕೆಯಲ್ಲಿದ್ದು, ಎರಡನೆಯ ಮಹಾಯುದ್ಧದ ತರುವಾಯವಷ್ಟೇ ಗ್ರೀಸ್‌ಗೆ ಸೇರಿದವು. ಹೀಗಿರುವಾಗ ಅವರನ್ನು ಗ್ರೀಕರನ್ನಾಗಿ ಉಳಿಸಿದ್ದು ಯಾವುದೋ ರಾಜ್ಯದ ಪ್ರಜೆತನವಲ್ಲ, ಆಡುವ ನುಡಿ ಮತ್ತು ಆರ್ಥಡಾಕ್ಸ್ ಚರ್ಚು.

ಈ ಚರ್ಚು ಕ್ರೈಸ್ತ ಧರ್ಮದಲ್ಲಿ 1054ರಲ್ಲಾದ ಒಡಕಿನ ಕಾಲದಿಂದ ರೋಮಿನಿಂದ ಬೇರೆಯಾದದ್ದೆಂದು ಗುರುತಿಸಲಾಗುವ ಪೂರ್ವದ ಪರಂಪರೆಗೆ ಸೇರಿದ್ದು. ಪೋಪರ ಅಧಿಕಾರವನ್ನು ಒಪ್ಪುವುದಿಲ್ಲ. ಅಮೆರಿಕದ ಗ್ರೀಕ್ ಚರ್ಚುಗಳು ಇಂದು ಕಾನ್‌ಸ್ಟಾಂಟಿನೋಪಲ್‌ನ (ಇಂದಿನ ಇಸ್ತಾಂಬುಲ್) ಪಿತೃಪ್ರಧಾನರ, ಅಂದರೆ ಅಲ್ಲಿನ ಅತಿ ಹಿರಿಯ ಧರ್ಮಗುರುವಿನ, ಅಧೀನದಲ್ಲಿವೆ. ಊರಿನವರು 1907ರಲ್ಲಿ ಕಟ್ಟಿಕೊಂಡ ಚರ್ಚಿಗೆ ಸಂತ ನಿಕೋಲಾಸನ ಹೆಸರಿಟ್ಟರು. ಆತ ಕಡಲಿಗೆ ಹೋಗುವವರನ್ನು ಕಾಯುವ ಸಂತ. ಈಗಿರುವ ಕಥೀಡ್ರಲ್ 1943ರದು. ಅದಕ್ಕೆ ಕಾನ್‌ಸ್ಟಾಂಟಿನೋಪಲ್‌ನ ಪ್ರಾಚೀನ ಚರ್ಚು ಹಾಗಿಯಾ ಸೋಫಿಯಾ ಮಾದರಿ.

ಕಾಯುವವನ ಅಗತ್ಯ ಎಷ್ಟಿತ್ತೆಂಬುದನ್ನು ಕಸುಬೇ ಹೇಳುತ್ತದೆ. ಆಳದಿಂದ ಬೇಗನೆ ಮೇಲೆ ಬಂದರೆ ರಕ್ತದಲ್ಲಿ ಕರಗಿದ್ದ ಸಾರಜನಕ ಗುಳ್ಳೆಗಳಾಗಿ ಹೊರಬಿದ್ದು, ಕೀಲುನೋವು ತರುತ್ತದೆ, ಕೈಕಾಲು ಬೀಳಿಸುತ್ತದೆ, ಜೀವವನ್ನೂ ತೆಗೆಯುತ್ತದೆ. ಕಾಲಿಮ್ನೋಸಿನವರ 'ಮಿಹಾನಿಕೋಸ್' ಎಂಬ ಕುಣಿತದಲ್ಲಿ ಮುಂದಾಳು ಊರುಗೋಲು ಹಿಡಿದು, ನಡುಗುವ ಕಾಲುಗಳಿಂದ ಹೆಜ್ಜೆ ಹಾಕಲು ಹೆಣಗುತ್ತಾನೆ. ಉಳಿದವರು ಸಾಲಿನಲ್ಲಿ ಗಟ್ಟಿಯಾಗಿ ಹೆಜ್ಜೆ ಹಾಕುತ್ತಲೇ ಇರುತ್ತಾರೆ. ಕುಸಿದ ಮುಳುಗುಗಾರನೊಬ್ಬನನ್ನು ಸಮುದಾಯವು ತನ್ನ ಸಾಲಿನಿಂದ ಹೊರಗಿಡದೆ ಮುಂದೆಯೇ ನಿಲ್ಲಿಸಿಕೊಳ್ಳುವ ಈ ರೀತಿ ನನ್ನ ಮನಸ್ಸಿನಿಂದ ಅಳಿಯುವುದಿಲ್ಲ.

ಇಷ್ಟನ್ನು ತಿಳಿದುಕೊಂಡ ಮೇಲೆ ಜನವರಿ 6ರ ಥಿಯೋಫನಿ ಹಬ್ಬವನ್ನು ನೋಡಬೇಕು. ಯೋರ್ದನ್ ನದಿಯಲ್ಲಿ ಕ್ರಿಸ್ತನ ದೀಕ್ಷಾಸ್ನಾನವನ್ನು ನೆನೆಯುವ ಈ ದಿನ, ಆರ್ಥಡಾಕ್ಸ್ ನಂಬಿಕೆಯಂತೆ, ಕ್ರಿಸ್ತನು ನೀರಿಗಿಳಿದುದರಿಂದ ನೀರೇ ಪವಿತ್ರವಾಯಿತು. ಟಾರ್ಪನ್ ಸ್ಪ್ರಿಂಗ್ಸ್‌ನಲ್ಲಿ 1906ರಿಂದ ಆಚರಣೆಯಲ್ಲಿರುವ ಈ ಹಬ್ಬದಂದು ಪೂಜೆ ಮುಗಿದ ಬಳಿಕ ಮೆರವಣಿಗೆ ಸ್ಪ್ರಿಂಗ್ ಬಾಯು ಎಂಬ ಕೊಳದಂಥ ಹಿನ್ನೀರಿಗೆ ಸಾಗುತ್ತದೆ. 16ರಿಂದ 18ರ ಹರೆಯದ ಹುಡುಗರು ಬರಿಗಾಲಲ್ಲಿ ಬಂದು ನೀರಿಗೆ ಹಾರಿ, ಅರ್ಧವೃತ್ತದಲ್ಲಿ ನಿಂತ ದೋಣಿಗಳನ್ನೇರುತ್ತಾರೆ. ಹುಡುಗಿಯೊಬ್ಬಳು ಪವಿತ್ರಾತ್ಮದ ಸಂಕೇತವಾದ ಬಿಳಿಯ ಪಾರಿವಾಳವನ್ನು ಹಾರಬಿಡುತ್ತಾಳೆ. ಧರ್ಮಗುರು ಶಿಲುಬೆಯನ್ನು ನೀರಿಗೆ ಎಸೆಯುತ್ತಾರೆ. ಹುಡುಗರೆಲ್ಲ ಒಟ್ಟಿಗೆ ಧುಮುಕುತ್ತಾರೆ. ಶಿಲುಬೆ ಸಿಕ್ಕವನಿಗೆ ಇಡೀ ವರ್ಷ ದೇವರ ಆಶೀರ್ವಾದವಿರುತ್ತದೆಂಬ ನಂಬಿಕೆಯಿದೆ. ಗ್ರೀಕರ ಇತರ ಕಡಲೂರುಗಳಲ್ಲಿಯೂ ಈ ಆಚರಣೆ ಇದೆ, ನಿಜ. ಆದರೆ ನೀರಿನ ಅಡಿಯಿಂದ ಏನನ್ನಾದರೂ ತಂದರೆ ಮಾತ್ರ ಅನ್ನ ಎಂದಿದ್ದ ಮನೆಗಳ ಮಕ್ಕಳು ಇಲ್ಲಿ ಅದೇ ನೀರಿಗಿಳಿದು ಶಿಲುಬೆಯನ್ನು ತರುತ್ತಿದ್ದರು.

ಕಸುಬು ಮಾತ್ರ ಮೊದಲಿನಂತೆ ಉಳಿಯಲಿಲ್ಲ. 1947ರಲ್ಲಿ ಕೊಲ್ಲಿಯ ನೀರನ್ನು ಕೆಂಪಾಗಿಸಿದ ಪಾಚಿಯ ಹಾವಳಿಯಿಂದ ಸ್ಪಂಜುಗಳು ಸತ್ತವು, ಕೃತಕ ಸ್ಪಂಜು ಮಾರುಕಟ್ಟೆಗೆ ಬಂತು. 1980ರ ದಶಕದಲ್ಲಿ ವ್ಯಾಪಾರ ಸ್ವಲ್ಪ ಚೇತರಿಸಿಕೊಂಡರೂ ಹಳೆಯ ವೈಭವ ಮರಳಲಿಲ್ಲ. ಇಂದು ಊರಿನ ಡೊಡೆಕನೀಸ್ ಬುಲೆವಾರ್ಡ್ ಎಂಬ ಬೀದಿಯ ಅಂಗಡಿಗಳು ನಡೆಯುವುದು ಹೆಚ್ಚಾಗಿ ಪ್ರವಾಸಿಗರಿಂದ. ಹಬ್ಬ ನಿಂತಿಲ್ಲ, ಅದರ ನೂರನೆಯ ವರ್ಷವಾದ 2006ರಲ್ಲಿ ಪಿತೃಪ್ರಧಾನ ಬಾರ್ತಲೋಮಿಯೊ ಅವರೇ ಈ ಚಿಕ್ಕ ಊರಿಗೆ ಬಂದು ಅದರಲ್ಲಿ ಪಾಲ್ಗೊಂಡರು.