ಜೋಡುನಳಿಗೆ ಕೋವಿಗೆ ಒಂದು ಟ್ರಿಗರ್ ಸಾಕೇ, ಎರಡು ಬೇಕೇ?

ಪ್ರಶ್ನೆ: ಶಿರಸಿ ಹತ್ತಿರ ನಮ್ಮ ಅಡಿಕೆ ತೋಟವಿದೆ. ಬೆಳೆ ರಕ್ಷಣೆಗೆಂದು ಅಪ್ಪ ಇಟ್ಟುಕೊಂಡಿದ್ದ ಒಂಟಿನಳಿಗೆ ಕೋವಿಯ ಪರವಾನಗಿ ಈಗ ನನ್ನ ಹೆಸರಿಗಾಗಿದೆ. ಅದನ್ನು ಬಿಟ್ಟು ಹನ್ನೆರಡು ಬೋರಿನ ಜೋಡುನಳಿಗೆ ಕೊಳ್ಳುವ ಯೋಚನೆಯಿದೆ. ಒಂದು ಟ್ರಿಗರ್ ಇರುವುದು ಒಳ್ಳೆಯದೋ, ಎರಡು ಇರುವುದೋ? ಹಿಡಿ ನೇರವಾಗಿರಬೇಕೋ, ಬಾಗಿರಬೇಕೋ?

ಉತ್ತರ: ಮೊದಲು ಟ್ರಿಗರ್ ತೀರ್ಮಾನಿಸಿ, ಹಿಡಿ ಅದರ ಹಿಂದೆಯೇ ಬರುತ್ತದೆ. ಘಟ್ಟದ ಮೇಲಿನ ತೋಟಕ್ಕಾಗಲಿ, ಕಾರವಾರ, ಕುಮಟಾದ ಕಡಲಂಚಿಗಾಗಲಿ ನನ್ನ ಉತ್ತರ ಎರಡು ಟ್ರಿಗರ್, ಅದಕ್ಕೆ ಹೊಂದುವ ನೇರ ಅಥವಾ ಅರೆಬಾಗಿದ ಹಿಡಿ.

ಎರಡು ಟ್ರಿಗರ್ ಇರುವ ಕೋವಿಯಲ್ಲಿ ಸಾಮಾನ್ಯವಾಗಿ ಮುಂದಿನದು ಬಲ ನಳಿಗೆಯನ್ನೂ ಹಿಂದಿನದು ಎಡ ನಳಿಗೆಯನ್ನೂ ಹಾರಿಸುತ್ತದೆ. ಬಲ ನಳಿಗೆಯ ಬಾಯಿ ಕೊಂಚ ಸಡಿಲ, ಚರೆ ಬೇಗ ಹರಡುತ್ತದೆ. ಎಡದ್ದು ಬಿಗಿ, ಚರೆ ಹೆಚ್ಚು ದೂರ ಒಟ್ಟಾಗಿ ಹೋಗುತ್ತದೆ. ಯಾವ ನಳಿಗೆ ಬೇಕೆಂಬುದು ಬೆರಳಿನಲ್ಲೇ ತೀರ್ಮಾನವಾಗುತ್ತದೆ. ಇನ್ನೊಂದು ಗುಣ ನಮ್ಮ ಕಡೆಗೆ ಇದಕ್ಕಿಂತ ದೊಡ್ಡದು: ಒಳಗಿನ ಯಂತ್ರವೂ ಎರಡು, ಒಂದರ ಹಂಗು ಇನ್ನೊಂದಕ್ಕಿಲ್ಲ.

ಒಂದೇ ಟ್ರಿಗರ್‌ನ ಕೋವಿಗಳಲ್ಲಿ ಹಲವು ಒದೆತವನ್ನು ನಂಬಿಕೊಂಡು ಕೆಲಸ ಮಾಡುತ್ತವೆ. ಮೊದಲ ಈಡು ಹಾರಿ ಕೋವಿ ಹಿಂದಕ್ಕೆ ಒದ್ದಾಗ ಒಳಗಿನ ಒಂದು ತೂಕದ ತುಂಡು ಸರಿದು ಎರಡನೆಯ ನಳಿಗೆಯನ್ನು ಸಜ್ಜುಮಾಡುತ್ತದೆ. ತೋಟಾ ಠುಸ್ಸೆಂದರೆ ಒದೆತವಿಲ್ಲ. ಒದೆತವಿಲ್ಲದಿದ್ದರೆ ಎರಡನೆಯ ನಳಿಗೆಯೂ ಸಜ್ಜಾಗುವುದಿಲ್ಲ. ಆಷಾಢದ ಮಳೆಯಲ್ಲಿ ಗೋಡೆಯೇ ಬೆವರುವ ನಮ್ಮ ಮನೆಗಳಲ್ಲಿ, ಕಪಾಟಿನಲ್ಲಿಟ್ಟ ತೋಟಾ ಕೈಕೊಡುವುದು ಅಪರೂಪವೇನಲ್ಲ. ಒದೆತದ ಗೊಡವೆಯಿಲ್ಲದೆ ಪೂರ್ತಿ ಯಾಂತ್ರಿಕವಾಗಿ ನಡೆಯುವ ಒಂದೇ ಟ್ರಿಗರ್ ಕೂಡ ಉಂಟು. ಅದು ಉತ್ತಮ, ಆದರೆ ಸೂಕ್ಷ್ಮ ಭಾಗಗಳು ಹೆಚ್ಚು.

ಈ ಸೂಕ್ಷ್ಮಕ್ಕೆ ಕಾರಣವಿದೆ. ಒದೆತ ತಗ್ಗುವ ಕ್ಷಣದಲ್ಲಿ ಬೆರಳು ತನಗರಿವಿಲ್ಲದೆ ಟ್ರಿಗರನ್ನು ಮತ್ತೊಮ್ಮೆ ಒತ್ತಿಬಿಡುತ್ತದೆ. ಆರಂಭದ ಒಂಟಿ ಟ್ರಿಗರ್‌ಗಳಲ್ಲಿ ಇದರಿಂದ ಎರಡೂ ನಳಿಗೆ ಒಟ್ಟಿಗೇ ಹಾರಿಬಿಡುತ್ತಿದ್ದವು. ಲಂಡನ್ನಿನ ಬಾಸ್ ಕಂಪನಿಯ ಜಾನ್ ರಾಬರ್ಟ್‌ಸನ್ 1894ರಲ್ಲಿ ಪೇಟೆಂಟ್ ಪಡೆದ ಟ್ರಿಗರ್ ಆ ನಡುವಿನ ಒತ್ತನ್ನು ಸುಮ್ಮನೆ ನುಂಗಿಕೊಳ್ಳುತ್ತಿತ್ತು. ಅಂಥ ಯಂತ್ರಕ್ಕೆ ನಮ್ಮ ತೇವ, ಕಡಲಿನ ಉಪ್ಪುಗಾಳಿ, ಜಿಡ್ಡುಗಟ್ಟಿದ ಹಳೆಯ ಎಣ್ಣೆ ಯಾವುದೂ ಹಿತವಲ್ಲ. ಚುನಾವಣೆಯ ಹೊತ್ತಿಗೆ ಠಾಣೆಗೆ ಒಪ್ಪಿಸಿದ ಕೋವಿ ವಾರಗಟ್ಟಲೆ ಎಣ್ಣೆ ಕಾಣದೆ ಕೂರುವುದೂ ಉಂಟು. ಕೆಟ್ಟರೆ ಊರಿನ ಕಮ್ಮಾರನಿಗೆ ಕೊಡುವಂತಿಲ್ಲ, ಬಂದೂಕು ದುರಸ್ತಿಗೂ ಕಾನೂನಿನ ಪರವಾನಗಿ ಬೇಕು. ಎರಡು ಟ್ರಿಗರ್‌ನ ಸರಳ ಯಂತ್ರ ಇಲ್ಲಿ ಗೆಲ್ಲುತ್ತದೆ.

ಠುಸ್ಸೆಂದ ತೋಟಾದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ತಡವಾಗಿ ಹಾರಬಹುದು. ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಿರಿ, ಆಮೇಲೆ ಕೋವಿಯನ್ನು ಕೀಲಿನಲ್ಲಿ ಮಡಚಿ ತೆರೆದು ತೋಟಾ ತೆಗೆಯಿರಿ. ದಣಪೆ ದಾಟುವಾಗ, ಕಾಲುಸಂಕದ ಮೇಲೆ ನಡೆಯುವಾಗ ಎರಡೂ ನಳಿಗೆ ಖಾಲಿಯಿರಲಿ. ಒಂದನ್ನು ಹಾರಿಸಿ ಇನ್ನೊಂದು ತುಂಬಿದೆ ಎಂಬುದನ್ನು ಮರೆಯುವುದೇ ಜೋಡುನಳಿಗೆಯ ದೊಡ್ಡ ಅಪಾಯ.

ಇನ್ನು ಹಿಡಿ. ನೇರ ಹಿಡಿಯಲ್ಲಿ ಅಂಗೈಗೆ ತಡೆಯಿಲ್ಲ. ಮುಂದಿನ ಟ್ರಿಗರ್‌ನಿಂದ ಹಿಂದಿನದಕ್ಕೆ ಸುಮಾರು ಒಂದು ಇಂಚು ಅಂತರ. ಕೈ ಅಷ್ಟನ್ನು ಸಲೀಸಾಗಿ ಹಿಂದೆ ಜಾರಿಸಿಕೊಳ್ಳುತ್ತದೆ. ಅದಕ್ಕೇ ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ನೇರ ಹಿಡಿಯೂ ಎರಡು ಟ್ರಿಗರೂ ಜೊತೆಜೊತೆಯಾಗಿವೆ. ಪೂರ್ತಿ ಬಾಗಿದ ಪಿಸ್ತೂಲು ಹಿಡಿ ಕೈಯನ್ನು ಒಂದೇ ಜಾಗದಲ್ಲಿ ಹಿಡಿದಿಡುತ್ತದೆ, ಮಣಿಕಟ್ಟಿಗೆ ಆರಾಮ. ಮೇಲೊಂದು ಕೆಳಗೊಂದು ನಳಿಗೆಯಿರುವ ಸ್ಪರ್ಧೆಯ ಕೋವಿಗಳಿಗೆ ಅದೂ ಒಂದೇ ಟ್ರಿಗರೂ ಸರಿಯಾದ ಜೋಡಿ. ಎರಡು ಟ್ರಿಗರ್ ಜೊತೆ ಅದೇ ಹಿಡಿ ಬಂದರೆ ಹಿಂದಿನ ಟ್ರಿಗರ್‌ಗೆ ಬೆರಳನ್ನು ಮಡಚಿ ಎಳೆಯಬೇಕಾಗುತ್ತದೆ. ಅರೆಬಾಗಿದ ಹಿಡಿ ಇವೆರಡರ ನಡುವಿನದು. ಅದರ ದುಂಡು ಅಂಚಿನ ಬಗೆಗೆ ಪ್ರಿನ್ಸ್ ಆಫ್ ವೇಲ್ಸ್ ಹಿಡಿ ಎನ್ನುತ್ತಾರೆ. ಅಂಗೈ ದೊಡ್ಡದಿದ್ದರೆ ಅಥವಾ ಮಳೆಯಲ್ಲಿ ಹಿಡಿ ಜಾರುವ ಭಯವಿದ್ದರೆ ಅದನ್ನೇ ಆರಿಸಿ.

ಆದರೆ ಆಕಾರಕ್ಕಿಂತ ಉದ್ದ ಮುಖ್ಯ. ಮುಂದಿನ ಟ್ರಿಗರ್‌ನಿಂದ ಹೆಗಲಿಗೆ ಒರಗುವ ಮರದ ಹಿಂತುದಿಯ ನಡುಭಾಗದವರೆಗಿನ ಅಳತೆ ನಿಮ್ಮ ತೋಳಿಗೆ ಹೊಂದಬೇಕು. ಉದ್ದವಾದರೆ ಕಂಕುಳಲ್ಲಿ ಸಿಕ್ಕಿಕೊಳ್ಳುತ್ತದೆ, ಗಿಡ್ಡವಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಅಂಗಡಿಯಲ್ಲಿ ಖಾಲಿ ಕೋವಿಯನ್ನು ಕಣ್ಣು ಮುಚ್ಚಿ ಹೆಗಲಿಗೇರಿಸಿ, ಕಣ್ಣು ತೆರೆಯಿರಿ. ದೃಷ್ಟಿ ನಳಿಗೆಗಳ ನಡುವಿನ ಪಟ್ಟಿಯ ಮೇಲೆ ನೇರ ಓಡಿದರೆ ಅದು ನಿಮ್ಮ ಕೋವಿ.

ಕೊಳ್ಳುವ ಮುನ್ನ ಪರವಾನಗಿಯಲ್ಲಿ ಡಿ.ಬಿ.ಬಿ.ಎಲ್. (ಹಿಂಬದಿಯಿಂದ ತೋಟಾ ತುಂಬುವ ಜೋಡುನಳಿಗೆ) ಎಂದು ನಮೂದಾಗಿದೆಯೇ ನೋಡಿಕೊಳ್ಳಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕಿಗೆ ಅವಕಾಶ. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಕಾಯ್ದೆ ನಿಮ್ಮ ತೋಟದೊಳಗೂ ಅನ್ವಯಿಸುತ್ತದೆ.

ಒಂದೇ ಟ್ರಿಗರ್‌ನದು ಕಡಿಮೆ ಬೆಲೆಗೆ ಸಿಕ್ಕಿತೆಂದು ಮನಸ್ಸಾದರೆ ಹೀಗೆ ಪರೀಕ್ಷಿಸಿ. ನಳಿಗೆಗಳು ಖಾಲಿಯೆಂದು ಕಣ್ಣಾರೆ ಕಂಡು, ಎರಡಕ್ಕೂ ಹುಸಿ ತೋಟಾ ಹಾಕಿ, ಟ್ರಿಗರ್ ಒತ್ತಿ, ಬಿಟ್ಟು, ಮತ್ತೆ ಒತ್ತಿ. ಎರಡನೆಯ ಸಲವೂ ಕುದುರೆ, ಅಂದರೆ ತೋಟಾ ಸಿಡಿಸುವ ಒಳಗಿನ ಸುತ್ತಿಗೆ, ಬಿದ್ದ ಸದ್ದು ಬಂದರೆ ಅದು ಯಾಂತ್ರಿಕ. ಹೆಗಲಿಗೆ ಒರಗುವ ಹಿಂತುದಿಗೆ ಅಂಗೈಯಿಂದ ಗುದ್ದಿದ ಮೇಲಷ್ಟೇ ಸದ್ದು ಬಂದರೆ ಅದು ಒದೆತವನ್ನು ನಂಬಿದ್ದು. ಮಳೆಗಾಲದ ತೋಟಕ್ಕೆ ಅದನ್ನು ತರಬೇಡಿ.